ಬೆಳಗಿನ ಮೊದಲ ನೀರು

ರಟ್ಟಿನ ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಲೋಟದಕ್ಕ ಎನ್ನುತ್ತಿದ್ದರು. ಹಳೆಯ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಾಜಿನ ಲೋಟವೊಂದು ಆಕೆಯ ಕೈಚೀಲದಲ್ಲಿ ಸದಾ ಇರುತ್ತಿತ್ತು. ಅದನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ, ಅದರಲ್ಲಿ ಕುಡಿಯುವ ಮಾತಂತೂ ದೂರ. ಬಾಯ್ಲರಿಗೆ ಹೋಗುವ ನೀರನ್ನು ಪರೀಕ್ಷಿಸಿ, ಶುದ್ಧವೋ ಅಲ್ಲವೋ ಎಂದು ರಿಜಿಸ್ಟರಿನಲ್ಲಿ ಬರೆಯುವುದು ಹತ್ತೊಂಬತ್ತು ವರ್ಷಗಳಿಂದ ಆಕೆಯ ಕೆಲಸ.

ಅನುಮಾನ ಪಡುವುದನ್ನು ಮಾತ್ರ ಆಕೆ ಕಾರ್ಖಾನೆಯಲ್ಲಿ ಕಲಿತದ್ದಲ್ಲ. ಏಳು ವರ್ಷದವಳಿದ್ದಾಗ ತಾಯಿ ತೀರಿಕೊಂಡರು. ಅಮ್ಮ ಪರವೂರಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದು ಮನೆಯ ದೊಡ್ಡವರು ಮೂರು ತಿಂಗಳು ನಂಬಿಸಿದರು. ಆ ಮಾತಿನ ಬಣ್ಣ ಬಯಲಾದ ದಿನದಿಂದ, ಯಾರು ಏನು ಹೇಳಿದರೂ ಒಮ್ಮೆ ಮೂಸಿ ನೋಡಿಯೇ ಒಪ್ಪುವ ಗುಣ ಆಕೆಗೆ ಅಂಟಿಕೊಂಡಿತು. ಹನ್ನೆರಡು ವರ್ಷ ದೊಡ್ಡವಳಾದ ಅಕ್ಕ ಮದುವೆಯಾಗಿ ಹೊರಟಾಗ ತಂಗಿಯನ್ನೂ ಕೈಹಿಡಿದು ಕರೆದೊಯ್ದಳು. ಭಾವ ಬಾಯ್ಲರ್ ಕೆಲಸಗಾರ. ಮಾತು ಹೆಚ್ಚು, ಸಿಟ್ಟು ಕಡಿಮೆ. ನಾದಿನಿ ತನ್ನ ಮನೆಯಲ್ಲಿ ಬೆಳೆಯುವುದಕ್ಕೆ ಅವರು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆಕೆ ಕಾಲೇಜು ಮುಗಿಸಿದ ಮೇಲೆ ಮ್ಯಾನೇಜರರ ಬಾಗಿಲಲ್ಲಿ ನಾಲ್ಕು ಬಾರಿ ನಿಂತು ಲ್ಯಾಬಿನ ಕೆಲಸ ಕೊಡಿಸಿದವರೂ ಅವರೇ. ಮ್ಯಾನೇಜರರಿಗೆ ಅಂದು ಅವರು ಹೇಳಿದ ಶಿಫಾರಸು ಕಾರ್ಖಾನೆಯಲ್ಲಿ ಇನ್ನೂ ಓಡಾಡುತ್ತಿದೆ: "ನನ್ನ ನಾದಿನಿ ದೇವರು ಎದುರಿಗೆ ಬಂದು ನಿಂತ್ರೂ ಗುರುತಿನ ಚೀಟಿ ಕೇಳ್ತಾಳೆ ಸಾರ್. ನೀರು ನೋಡೋಕೆ ಇಂಥವಳೇ ಬೇಕು."

ಮದುವೆಯ ಮಾತು ಒಮ್ಮೆ ಬಂದಿತ್ತು. ನೋಡಲು ಬಂದ ಹುಡುಗನನ್ನು ಆಕೆ ಒಂದೂವರೆ ಗಂಟೆ ಪ್ರಶ್ನೆ ಕೇಳಿ, ಅವನು ಕುಡಿದಿಟ್ಟ ಚಹಾದ ಕಪ್ಪನ್ನು ಒಳಗೆ ಒಯ್ದು ಮೂಸಿದಳಂತೆ. ಅವನು ಮತ್ತೆ ಆ ಬೀದಿಗೆ ತಲೆ ಹಾಕಲಿಲ್ಲ. ಅಕ್ಕನ ಮನೆಯಿಂದ ಎರಡು ಬೀದಿ ಆಚೆ ಒಂದು ಕೋಣೆ ಹಿಡಿದು ಆಕೆ ಒಬ್ಬಳೇ ಇದ್ದಳು. ಸೋಮವಾರ ಭಾವನ ವಾರದ ರಜೆ. ಅಂದು ಸಂಜೆ ಊಟ ಅಕ್ಕನ ಮನೆಯಲ್ಲಿ.

ಕಾರ್ಖಾನೆಯ ಹಿಂಬದಿಯಲ್ಲಿ, ಬಾಯ್ಲರ್ ಮನೆಯ ಗೋಡೆಗೆ ಹತ್ತಿದಂತೆ, ಉರುವಲು ಎಣ್ಣೆಯ ದೊಡ್ಡ ಟ್ಯಾಂಕು. ಆ ಎಣ್ಣೆ ಕಪ್ಪಗೆ, ಮಂದವಾಗಿ, ತಣ್ಣಗಿದ್ದರೆ ಸೌಟಿನಿಂದಲೂ ಬೀಳದಷ್ಟು ಗಟ್ಟಿ. ಬಿಸಿಯಾಗದೆ ಅದು ಪೈಪಿನಲ್ಲಿ ಹರಿಯುವುದಿಲ್ಲ, ಹರಿಯದೆ ಬಾಯ್ಲರ್ ಉರಿಯುವುದಿಲ್ಲ. ಅದಕ್ಕಾಗಿ ಟ್ಯಾಂಕಿನ ತಳದಲ್ಲಿ ಉಕ್ಕಿನ ಪೈಪೊಂದು ಹಾವಿನಂತೆ ಸುರುಳಿ ಸುತ್ತಿ ಮಲಗಿತ್ತು. ಬಾಯ್ಲರಿನ ಹಬೆ ಒಂದು ತುದಿಯಿಂದ ಒಳಹೊಕ್ಕು, ಎಣ್ಣೆಯನ್ನು ಬಿಸಿ ಮಾಡಿ, ತಾನು ತಣಿದು ನೀರಾಗಿ ಇನ್ನೊಂದು ತುದಿಯಿಂದ ಹೊರಬರುತ್ತಿತ್ತು. ವಾಪಸ್ ನೀರು ಎಂದು ಅದಕ್ಕೆ ಹೆಸರು. ಅದು ನೀರಿನ ತೊಟ್ಟಿಗೆ ಸೇರಿ ಪುನಃ ಬಾಯ್ಲರಿಗೇ ಹೋಗುತ್ತಿತ್ತು. ಸುರುಳಿಯಲ್ಲಿ ತೂತು ಬಿದ್ದರೆ ಎಣ್ಣೆ ವಾಪಸ್ ನೀರಿಗೆ ಬೆರೆಯುತ್ತದೆ. ಬಾಯ್ಲರಿನ ಕೊಳವೆಗಳ ಒಳಮೈಗೆ ಪೊರೆ ಕಟ್ಟುತ್ತದೆ. ಪೊರೆಯ ಕೆಳಗಿನ ಉಕ್ಕು ಕಾದು, ಮೆತ್ತಗಾಗಿ, ಒಂದು ದಿನ ಸಿಡಿಯುತ್ತದೆ. ಆ ಕೊಳವೆಗಳ ಎದುರಿಗೆ ದಿನಕ್ಕೆ ಎಂಟು ಗಂಟೆ ನಿಲ್ಲುತ್ತಿದ್ದವರು ಭಾವ.

ಆರು ವರ್ಷದ ಹಿಂದೆ ಸುರುಳಿ ಒಮ್ಮೆ ಬಿರುಕು ಬಿಟ್ಟಿತ್ತು. ಬರಿದು ಮಾಡಿ ತೊಳೆದ ಟ್ಯಾಂಕಿನೊಳಗೆ ಮಂಡಿಯೂರಿ ಅದನ್ನು ಬೆಸೆದವರು ಭಾವ. ಮ್ಯಾನೇಜರು ಎಲ್ಲರೆದುರು ಅವರ ಕೈಕುಲುಕಿದ್ದರು. ಆ ಬೆಸುಗೆಯ ಕಥೆಯನ್ನು ಅಕ್ಕನ ಮನೆಗೆ ಬಂದವರು ಯಾರೂ ಕೇಳದೆ ಹಿಂದಿರುಗಿದ್ದಿಲ್ಲ.

ದಿನವೂ ಬೆಳಿಗ್ಗೆ ಹತ್ತು ಗಂಟೆಗೆ ಆಕೆ ವಾಪಸ್ ನೀರಿನ ನಲ್ಲಿಗೆ ಲೋಟ ಒಡ್ಡುತ್ತಿದ್ದಳು. ಬೆಳಕಿಗೆ ಹಿಡಿದು ನೋಡಿ, ಮೂಸಿ, ಶುದ್ಧ ಎಂದು ಬರೆಯುತ್ತಿದ್ದಳು. ಇದಲ್ಲದೆ ಯಾರೂ ಹೇಳಿಕೊಡದ ಒಂದು ರೂಢಿಯೂ ಇತ್ತು: ನೀರಿನ ತೊಟ್ಟಿಯ ಒಳಗೋಡೆಯನ್ನು ನೀರಿನ ಮಟ್ಟದ ಗೆರೆಯಲ್ಲಿ ಬಿಳಿ ಬಟ್ಟೆಯಿಂದ ಒರೆಸಿ ನೋಡುವುದು. ಆ ಬೆಸುಗೆಯಾಗಿ ಆರು ವರ್ಷ ಕಳೆದ ಮೇಲೆ, ಒಂದು ಸೋಮವಾರ ಬಟ್ಟೆಗೆ ಕಂದು ಜಿಡ್ಡು ಹತ್ತಿತು. ಮಂಗಳವಾರ ಹತ್ತಲಿಲ್ಲ, ಬುಧವಾರವೂ ಇಲ್ಲ. ಮರುಸೋಮವಾರ ಮತ್ತೆ ಹತ್ತಿತು. ಬಾಯ್ಲರಿನ ಮಟ್ಟ ತೋರಿಸುವ ಗಾಜಿನ ನಳಿಗೆಯಲ್ಲಿಯೂ ಅಂದು ನೀರು ನೊರೆಗಟ್ಟಿ ಕುಣಿಯುತ್ತಿತ್ತು. ಲೋಟದ ನೀರು ಮಾತ್ರ ಎಂದಿನಂತೆ ತಿಳಿ.

ಲ್ಯಾಬಿನ ಸಾಹೇಬರಿಗೆ ಹೇಳಿದಳು. "ನೀರು ಶುದ್ಧ ಅಂತ ನೀವೇ ಬರ್ದಿದೀರಲ್ಲಮ್ಮ. ನಿಮ್ಮ ಸಹಿ ಮೇಲೇ ನಿಮಗೆ ಅನುಮಾನನಾ?" ಎಂದು ಅವರು ನಕ್ಕರು. ಭಾವನಿಗೆ ಹೇಳಿದಳು. "ಸೋಮವಾರ ಬರ್ತಾನಲ್ಲ ಆ ಬದಲಿಯವನು, ಅವನು ಮುಟ್ಟಿದ್ದೆಲ್ಲಾ ಜಿಡ್ಡೇ," ಎಂದರು ಅವರು. "ಮೊನ್ನೆ ಅವನಿಗೆ ಕೈಕುಲುಕಿ, ಹೋಗಿ ಸೋಪು ಹಾಕ್ಕೊಂಡೆ."

ಆಕೆ ಮೂರು ಸೋಮವಾರ ಬದಲಿ ಕೆಲಸಗಾರನ ಬೆನ್ನು ಬಿಡಲಿಲ್ಲ. ಅವನ ಕೈ, ಅವನ ಚಿಂದಿ ಬಟ್ಟೆ, ಅವನ ಎಣ್ಣೆ ಡಬ್ಬಿ ಎಲ್ಲವನ್ನೂ ನೋಡಿದಳು. ಕೊನೆಗೆ ಅವನೇ, "ಅಕ್ಕಾವ್ರೇ, ನನ್ನ ಜೇಬೂ ನೋಡಿಬಿಡಿ, ಬಾಚಣಿಗೆ ಒಂದಿದೆ," ಎಂದ. ಅವನು ನೀರಿನ ತೊಟ್ಟಿಯ ಹತ್ತಿರ ಸುಳಿಯುತ್ತಲೇ ಇರಲಿಲ್ಲ.

ಅಲ್ಲಿಗೆ ಲೆಕ್ಕ ತಲೆಕೆಳಗಾಯಿತು. ಸೋಮವಾರ ಬದಲಿಯವನು ಇರುತ್ತಾನೆ ಎಂಬುದು ನಿಜ. ಸೋಮವಾರ ಭಾವ ಇರುವುದಿಲ್ಲ ಎಂಬುದೂ ಅಷ್ಟೇ ನಿಜ. ಭಾವ ಇದ್ದ ದಿನವೆಲ್ಲ ತೊಟ್ಟಿ ಶುದ್ಧ, ಇಲ್ಲದ ದಿನ ಜಿಡ್ಡು. ಹಾಗಾದರೆ ಇದ್ದ ದಿನ ಅವರು ಮಾಡುವುದಾದರೂ ಏನು? ತನ್ನ ಬೆಸುಗೆ ಬಿಟ್ಟುಕೊಂಡದ್ದು ಹೊರಬೀಳದಂತೆ ಮುಚ್ಚಿಡುತ್ತಿರಬಹುದೇ? ಬಾಯಿ ಬಿಟ್ಟರೆ ಅನ್ನ ಹಾಕಿದ ಮನೆಯ ಮಾನ ಹೋಗುತ್ತದೆ. ಬಿಡದಿದ್ದರೆ, ಯಾವುದೋ ಒಂದು ದಿನ ಕೊಳವೆ ಸಿಡಿದಾಗ ಎದುರಿಗೆ ನಿಂತಿರುವವರು ಅವರೇ.

ಮುಂದಿನ ಸೋಮವಾರದ ಸಂಜೆ ಅಕ್ಕನ ಮನೆಯಲ್ಲಿ ಮೂವರೂ ಊಟಕ್ಕೆ ಕುಳಿತಿದ್ದರು. ಅಕ್ಕ ಮಧ್ಯಾಹ್ನ ಕುದಿಯುವ ಹಾಲನ್ನು ಸ್ಟೀಲ್ ಡಬ್ಬಿಗೆ ಸುರಿದು, ಬಿಗಿಯಾಗಿ ಮುಚ್ಚಿಟ್ಟಿದ್ದಳು. ಈಗ ಮುಚ್ಚಳ ಜಪ್ಪಯ್ಯ ಎಂದರೂ ಬರಲೊಲ್ಲದು. ಭಾವ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತಿರುಚಿದರು.

"ಮೂವತ್ತು ವರ್ಷ ಬಾಯ್ಲರ್ ಆಳಿದವರಿಗೆ ಹಾಲಿನ ಡಬ್ಬಿ ಬಗ್ತಿಲ್ಲ ನೋಡೇ," ಎಂದಳು ಅಕ್ಕ.

"ಬಿಸಿದು ಮುಚ್ಚಬಾರದು ಅಂತ ನೂರು ಸಲ ಹೇಳಿದೀನಿ. ಆರಿದ ಮೇಲೆ ಒಳಗಿನ ಆವಿ ಹನಿ ಆಗಿಬಿಡತ್ತೆ, ಜಾಗ ಖಾಲಿ. ಆಮೇಲೆ ಅದು ಹೊರಗಿಂದ ಎಳ್ಕೊಳ್ಳೋಕೆ ನೋಡತ್ತೆ." ಭಾವ ಚಮಚದ ತುದಿಯನ್ನು ಅಂಚಿಗೆ ತೂರಿಸಿ ಮೀಟಿದರು. ಉಸ್ಸೆಂದು ಗಾಳಿ ಒಳನುಗ್ಗಿತು, ಮುಚ್ಚಳ ಸಡಿಲವಾಯಿತು. "ಕೇಳಿಸ್ತಾ? ಎಳ್ಕೊಂಡ್ತು."

ಆಕೆಯ ಕೈ ತಟ್ಟೆಯಲ್ಲಿಯೇ ನಿಂತಿತು.

"ಏನೇ, ಹಾಲಿನ ಮೇಲೂ ಅನುಮಾನನಾ?" ಎಂದಳು ಅಕ್ಕ.

"ಹಾಲು ಚೆನ್ನಾಗಿದೆ ಬಿಡು," ಎಂದು ಆಕೆ ಎದ್ದು ಕೈತೊಳೆದಳು.

ದಾರಿಯುದ್ದಕ್ಕೂ ಆಕೆಯ ಕಣ್ಣಮುಂದೆ ಟ್ಯಾಂಕಿನ ಸುರುಳಿಯೇ ಇತ್ತು. ಬೆಳಿಗ್ಗೆ ಹತ್ತಕ್ಕೆ ಹಬೆ ಪೂರ್ಣ ಒತ್ತಡದಲ್ಲಿರುತ್ತದೆ. ಪೈಪಿನಲ್ಲಿ ತೂತಿದ್ದರೂ ಹಬೆ ಹೊರಕ್ಕೆ ನುಗ್ಗುತ್ತದೆಯೇ ಹೊರತು ಎಣ್ಣೆ ಒಳಕ್ಕೆ ಬರಲಾರದು. ಸಂಜೆ ಕಾರ್ಖಾನೆ ನಿಂತಾಗ ಹಬೆಯನ್ನೂ ನಿಲ್ಲಿಸುತ್ತಾರೆ. ಒಳಗಿನ ಹಬೆ ತಣಿದು ಹನಿಯಾಗುತ್ತದೆ. ಪೈಪು ಹಾಲಿನ ಡಬ್ಬಿಯಂತೆ ಸುತ್ತಲಿದ್ದದ್ದನ್ನು ಒಳಗೆಳೆದುಕೊಳ್ಳುತ್ತದೆ. ಸುತ್ತಲಿರುವುದು ಎಣ್ಣೆ. ಬೆಳಿಗ್ಗೆ ಹಬೆ ಬಿಟ್ಟಾಗ ಹೊರಬರುವ ಮೊದಲ ನೀರಿನಲ್ಲಿ ಮಾತ್ರ ಅದು ಕಾಣಿಸಬೇಕು. ಹತ್ತೊಂಬತ್ತು ವರ್ಷ ಆಕೆ ಲೋಟ ಒಡ್ಡಿದ್ದು ಎಲ್ಲವೂ ತೊಳೆದುಹೋದ ಮೇಲಿನ ನೀರಿಗೆ.

ಮಂಗಳವಾರ ಆಕೆ ಆರೂವರೆಗೇ ಕಾರ್ಖಾನೆಗೆ ಬಂದು ಪಂಪಿನ ಮನೆಯ ಗೋಡೆಯ ಮರೆಯಲ್ಲಿ ನಿಂತಳು. ಭಾವ ಬಂದರು. ರಾತ್ರಿಯ ಬಿಸಿ ಇನ್ನೂ ಉಳಿದಿದ್ದ ಎಣ್ಣೆಯಿಂದ ಬಾಯ್ಲರ್ ಹೊತ್ತಿಸಿ, ಹಬೆ ಎದ್ದ ಮೇಲೆ ಸುರುಳಿಯ ಹಬೆಯ ಚಕ್ರ ತಿರುಗಿಸಿದರು. ಆಮೇಲೆ ತೊಟ್ಟಿಗೆ ಹೋಗುವ ವಾಪಸ್ ನೀರಿನ ದಾರಿ ಮುಚ್ಚಿ, ಚರಂಡಿಯ ನಲ್ಲಿ ತೆರೆದರು. ಕಂದು ನೀರು ಹೊಗೆಯಾಡುತ್ತ ಚರಂಡಿಗೆ ಬಿತ್ತು. ಅವರು ಅದಕ್ಕೆ ಬೆನ್ನು ಹಾಕಿ ಚಹಾ ಕುಡಿಯುತ್ತ ನಿಂತರು. ಅಂದುಕೊಂಡದ್ದು ನಿಜವಾದಾಗ ಆಗುವ ಸಮಾಧಾನ ಆಕೆಗೆ ಅಂದು ಆಗಲಿಲ್ಲ. ಆದರೂ ಮರೆಯಿಂದ ಹೊರಬಂದಳು.

"ಏನಮ್ಮ, ಇಷ್ಟು ಬೇಗ? ಗಡಿಯಾರದ ಮೇಲೂ ನಂಬಿಕೆ ಹೋಯ್ತಾ?"

"ಈ ನೀರು ಯಾಕೆ ಚೆಲ್ತಿದೀರಾ ಭಾವ?"

"ಮೊದಲ ನೀರಲ್ವಾ? ರಾತ್ರಿಯೆಲ್ಲಾ ಪೈಪಲ್ಲಿ ನಿಂತಿದ್ದು, ಬರೀ ತುಕ್ಕು. ಕಾಲು ಗಂಟೆ ಚರಂಡಿಗೆ ಬಿಡು ಅಂತ ನಮ್ಮ ಮೇಸ್ತ್ರಿ ಹೇಳ್ಕೊಟ್ಟಿದ್ರು. ಮೂವತ್ತು ವರ್ಷದಿಂದ ಬಿಡ್ತಿದೀನಿ. ಆ ಬದಲಿಯವನಿಗೆ ಎಷ್ಟು ಹೇಳಿದ್ರೂ ಸೋಮಾರಿ, ಮಾಡಲ್ಲ."

"ನನಗೆ ಯಾವತ್ತೂ ಹೇಳಲಿಲ್ಲ ನೀವು."

"ನೀನು ಯಾವತ್ತೂ ಕೇಳಲಿಲ್ಲ."

ಆಕೆ ಸ್ಟೀಲಿನ ಮಗ್ಗಿನಲ್ಲಿ ಚರಂಡಿಯ ನೀರು ಹಿಡಿದು, ಸ್ವಲ್ಪ ಆರಿಸಿ, ಲೋಟಕ್ಕೆ ಸುರಿದು ಕಟ್ಟೆಯ ಮೇಲಿಟ್ಟಳು.

"ತುಕ್ಕಾದ್ರೆ ತಳಕ್ಕೆ ಕೂರತ್ತೆ, ಎಣ್ಣೆ ಆದ್ರೆ ಮೇಲೆ ಬರತ್ತೆ. ಐದು ನಿಮಿಷ ನಿಲ್ಲಿ ಭಾವ."

"ನಿನ್ನಕ್ಕನೂ ನನ್ನನ್ನ ಹೀಗೆ ನಿಲ್ಸಿಲ್ಲ," ಎನ್ನುತ್ತ ಅವರು ನಿಂತರು.

ಕಂದು ಪುಡಿ ನಿಧಾನವಾಗಿ ಕೆಳಗಿಳಿಯಿತು. "ನೋಡು, ತುಕ್ಕು! ನಾನೇನು ಹೇಳ್ದೆ?" ಎಂದು ಭಾವ ಬೆರಳು ತೋರಿಸಿದರು. ಬೆರಳು ಹಾಗೆಯೇ ಚಾಚಿರುವಾಗ ಕಪ್ಪನೆಯ ಒಂದು ಹನಿ ಮೇಲೇರಿತು. ಅದರ ಹಿಂದೆ ಇನ್ನೊಂದು. ನೀರಿನ ಮೇಲ್ಮೈಯಲ್ಲಿ ಹರಡಿ, ಬಣ್ಣಬಣ್ಣದ ತೆಳು ಪದರವಾಗಿ, ಲೋಟದ ಅಂಚಿಗೆ ಉಂಗುರದಂತೆ ಅಂಟಿತು.

"ನಿಮಗೆ ಗೊತ್ತಿತ್ತಾ ಭಾವ?"

ಅವರು ಚಹಾದ ಕಪ್ಪು ಕೆಳಗಿಟ್ಟು, ಹೋಗಿ ಸುರುಳಿಯ ಹಬೆ ಮುಚ್ಚಿದರು. ಯಾರ ಅಪ್ಪಣೆಗೂ ಕಾಯದೆ ಬಾಯ್ಲರಿನ ಬೆಂಕಿಯನ್ನೂ ಆರಿಸಿದರು. ಬಾಯ್ಲರ್ ಹೀಗೆ ತಟ್ಟನೆ ನಿಂತದ್ದು ಅವರ ಮೂವತ್ತು ವರ್ಷಗಳಲ್ಲಿ ಅದೇ ಮೊದಲು. ಆಕೆ ರಿಜಿಸ್ಟರಿನಲ್ಲಿ ಬರೆದಳು: ಹಬೆ ಬಿಟ್ಟ ಮೇಲಿನ ಮೊದಲ ನೀರಿನಲ್ಲಿ ಎಣ್ಣೆ, ಈ ನೀರನ್ನು ಚರಂಡಿಗೆ ಬಿಡುವ ರೂಢಿ ಇದ್ದುದರಿಂದ ಇದುವರೆಗೆ ಕಾಣಲಿಲ್ಲ, ಬಾಯ್ಲರ್ ನಿಲ್ಲಿಸಿದವರು ಬಾಯ್ಲರ್ ಕೆಲಸಗಾರರೇ. ಭಾವ ಮರುದಿನ ಬಂದು ಆ ಸಾಲುಗಳನ್ನು ಎರಡು ಬಾರಿ ಓದಿ, ಹಾಳೆ ಮಗುಚಿ ಹಿಂದೆಯೂ ಏನಾದರೂ ಇದೆಯೇ ಎಂದು ನೋಡಿದರು.

"ಇಷ್ಟೇನಾ?"

"ಕಂಡಿದ್ದು ಇಷ್ಟೇ."

ಟ್ಯಾಂಕು ಬರಿದು ಮಾಡಿ ತೊಳೆಯಲು ಐದು ದಿನ ಹಿಡಿಯಿತು. ಸುರುಳಿಯಲ್ಲಿ, ಹಳೆಯ ಬೆಸುಗೆಯಿಂದ ಎರಡು ಬೆರಳು ಆಚೆ, ಸಾಸಿವೆ ಕಾಳಿನಷ್ಟು ತೂತಿತ್ತು. ಮ್ಯಾನೇಜರರ ಎದುರು ಭಾವ ಅದನ್ನು ತೋರಿಸಿ, "ಬೆಸುಗೆ ನಂದು ಸಾರ್, ತೂತು ಪೈಪಿಂದು," ಎಂದರು. ಯಾರೂ ಅವರ ಕೆಲಸದ ಮಾತೆತ್ತಲಿಲ್ಲ. ಆದರೆ ಬಾಯ್ಲರ್ ತೆರೆದಾಗ ಒಳಗಿನ ಒಂದು ಕೊಳವೆಯಲ್ಲಿ ಉಕ್ಕು ಮೆತ್ತಗಾಗಿ ಎದ್ದ ನಿಂಬೆಹಣ್ಣಿನ ಗಾತ್ರದ ಉಬ್ಬು ಕಂಡಿತು. ಭಾವ ಅದರ ಮೇಲೆ ಹೆಬ್ಬೆರಳಿಟ್ಟು, ತಾನು ದಿನವೂ ನಿಲ್ಲುವ ಜಾಗಕ್ಕೆ ಬಂದು ಅಳತೆ ಹಿಡಿದರು. ಅದು ಸರಿಯಾಗಿ ಅವರ ಎದೆಯ ಎತ್ತರದಲ್ಲಿತ್ತು. ಆ ದಿನ ಅವರು ಯಾವ ತಮಾಷೆಯನ್ನೂ ಮಾಡಲಿಲ್ಲ.

ಅಕ್ಕ ಮಾತ್ರ ಮುನಿಸಿಕೊಂಡಳು. "ತೂತು ಹಿಡಿದೆ, ಸರಿ. ಆದ್ರೆ ಗೋಡೆ ಮರೇಲಿ ನಿಂತು ನಮ್ಮನೆಯವರನ್ನ ನೋಡಿದ್ಯಲ್ಲ, ಅದ್ಯಾಕೆ? ಎದುರಿಗೆ ಬಂದು ಕೇಳೋಕೆ ಬಾಯಿರಲಿಲ್ವಾ?" ಎಂದವಳು ಆರು ಸೋಮವಾರ ಊಟಕ್ಕೆ ಕರೆಯಲಿಲ್ಲ. ಏಳನೆಯ ಸೋಮವಾರ ಆಕೆಯ ಕೋಣೆಯ ಹೊಸ್ತಿಲ ಮೇಲೆ ಹಾಲಿನ ಡಬ್ಬಿ ಇತ್ತು. ಉಬ್ಬಿನ ಎತ್ತರವನ್ನು ಭಾವ ಮನೆಯಲ್ಲಿ ಹೇಳಿರಬೇಕು. ಆಕೆ ಚಮಚದಿಂದ ಮುಚ್ಚಳ ಮೀಟಿ, ಉಸ್ಸೆನ್ನುವುದನ್ನು ಕೇಳಿ, ಹಾಲನ್ನು ಮೂಸಿ ನೋಡಿಯೇ ಕುಡಿದಳು.

ಗೊತ್ತಿತ್ತೇ ಎಂಬ ಪ್ರಶ್ನೆಯನ್ನು ಆಕೆ ಮತ್ತೆ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾರ್ಖಾನೆಯಲ್ಲಿ ಹೊಸ ನಿಯಮ ಬಂತು: ಮೊದಲ ನೀರನ್ನು ಲ್ಯಾಬ್ ನೋಡದೆ ಚೆಲ್ಲುವಂತಿಲ್ಲ. ಅಂದಿನಿಂದ ಆಕೆ ಬರುವ ಹೊತ್ತಿಗೆ ಮೇಜಿನ ಮೇಲೆ ಒಂದು ಲೋಟ ಮೊದಲ ನೀರು ಸಿದ್ಧವಿರುತ್ತದೆ, ಭಾವ ತಂದಿಟ್ಟದ್ದು. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ, ಥ್ಯಾಂಕ್ಸ್ ಭಾವ ಎನ್ನುತ್ತಾಳೆ. ಆಮೇಲೆ ಕೈಚೀಲದಿಂದ ತನ್ನ ಲೋಟ ತೆಗೆದು, ಟ್ಯಾಂಕಿನ ಕಡೆಗೆ ಹೊರಡುತ್ತಾಳೆ. ಅಲ್ಲಿ ಭಾವ ಎರಡನೆಯ ಲೋಟಕ್ಕೆಂದು ಬಕೆಟ್ಟಿನಲ್ಲಿ ಮೊದಲ ನೀರನ್ನು ತೆಗೆದಿಟ್ಟು, ಅದರ ಮೇಲೊಂದು ತಟ್ಟೆ ಮುಚ್ಚಿ, ಪಕ್ಕದಲ್ಲಿಯೇ ಕಾಯುತ್ತಿರುತ್ತಾರೆ.