ಒಲ್ಲೆ ಎಂಬ ಸುಲಭದ ಮಾತು

ಪಕ್ಕದ ಮನೆಯಲ್ಲಿ ಯಾರೋ ತುಪ್ಪದಲ್ಲಿ ರವೆ ಹುರಿಯುತ್ತಿದ್ದಾರೆ. ಆ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮಾತ್ರ ಈ ಮುಪ್ಪಿನಲ್ಲೂ ಕಿವಿ ಬಿಸಿಯಾಗುತ್ತವೆ. ಶಿರಾ ಎಂಬ ಆ ಸಿಹಿತಿಂಡಿ ಎಂದರೆ ನನಗೆ ದೇವದುರ್ಗದ ಒಂದು ಪಡಸಾಲೆ, ಅಲ್ಲಿ ಹಾಸಿದ ಜಮಖಾನೆ, ಅದರ ಮೇಲೆ ತಲೆ ತಗ್ಗಿಸಿ ಕೂತ ನಾನು.

ನಾನು ಉಗ್ಗ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಬರೆಯುವಾಗ ಅದು ಗೊತ್ತಾಗುವುದಿಲ್ಲ ನೋಡಿ, ಅದಕ್ಕೇ ನನಗೆ ಬರೆಯುವುದೆಂದರೆ ಇಷ್ಟು ಪ್ರೀತಿ. ನಮ್ಮ ತಂದೆ ಮಾನ್ವಿಯ ಗುಡಿಯಲ್ಲಿ ಪುರಾಣ ಹೇಳುತ್ತಿದ್ದರು. ಅವರು ಬಾಯಿ ತೆರೆದರೆ ಸಂತೆಗೆ ಹೊರಟವರೂ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಅಂಥವರ ಒಬ್ಬನೇ ಮಗ ತನ್ನ ಹೆಸರು ಹೇಳುವುದಕ್ಕೂ ಕಣ್ಣು ಮುಚ್ಚಿ ಕುತ್ತಿಗೆ ಎತ್ತಬೇಕಾಗಿತ್ತು. ತಂದೆ ಎಂದೂ ಆಡಿ ತೋರಿಸಲಿಲ್ಲ. ಮನೆಗೆ ಬಂದವರು ನನ್ನನ್ನು ಏನಾದರೂ ಕೇಳಿದರೆ ನನಗಿಂತ ಮೊದಲು ತಾವೇ ಉತ್ತರ ಕೊಡುತ್ತಿದ್ದರು. ಅದು ಪ್ರೀತಿಯೋ ನಾಚಿಕೆಯೋ, ಇಂದಿಗೂ ತಿಳಿಯದು.

ಒಂದು ಮಾತು ಮಾತ್ರ ನನ್ನ ಬಾಯಿಂದ ಎಣ್ಣೆ ಹಚ್ಚಿದಂತೆ ಜಾರಿ ಬರುತ್ತಿತ್ತು: ಒಲ್ಲೆ. "ಹೂಂ" ಎನ್ನಲು ಹೋದರೆ ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹೀಗಾಗಿ ಯಾರು ಏನು ಕೊಡಲು ಬಂದರೂ ಒಲ್ಲೆ ಎನ್ನುವವನಾದೆ. ರಾಯಚೂರಿನಲ್ಲಿ ಓದುತ್ತಿದ್ದಾಗ, ತಂದೆಗೆ ಪರಿಚಯವಿದ್ದ ಬಟ್ಟೆ ವ್ಯಾಪಾರಿ ಖಾಸಿಂಸಾಬರು ಹೈದರಾಬಾದಿಗೆ ಹೊರಟು ನನ್ನನ್ನೂ ಕರೆದರು. "ಚಲ್ ಬೇಟಾ, ರೈಲಿನ್ಯಾಗ ಕಿಡಕಿ ಬಾಜೂಕ ಕೂಡಸ್ತೀನಿ." ಹೋಗುವ ಆಸೆ ಹೊಟ್ಟೆತುಂಬ ಇತ್ತು. ಒಲ್ಲೆ ಎಂದೆ. ಆಮೇಲೆ ಒಬ್ಬನೇ ಸ್ಟೇಷನ್ನಿಗೆ ಹೋಗಿ, ಅವರ ರೈಲು ಹೊರಡುವುದನ್ನು ಮರೆಯಲ್ಲಿ ನಿಂತು ನೋಡಿ ಬಂದೆ.

ನಲವತ್ತರ ದಶಕದ ನಡುವಿನಲ್ಲಿ ತಂದೆ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೆಣ್ಣು ನೋಡಲು ದೇವದುರ್ಗಕ್ಕೆ ಕರೆದೊಯ್ದರು. ಹುಡುಗಿಯ ತಂದೆ ಶಾಲಾ ಮಾಸ್ತರರು. ಹುಡುಗಿ ಶಿರಾದ ತಟ್ಟೆ ಇಡುವಾಗ ತಲೆಯೆತ್ತಿ, ಕಣ್ಣು ತಪ್ಪಿಸದೆ ನನ್ನನ್ನು ನೋಡಿದಳು. ನನ್ನ ಮನಸ್ಸು ಅಲ್ಲೇ ನಿಂತಿತು.

ಮಾಸ್ತರರು ನನ್ನ ಕಡೆ ತಿರುಗಿ, "ಹುಡುಗಿ ಮನಸ್ಸಿಗೆ ಬಂದ್ಲೇನ್ರಿ?" ಎಂದರು. ತಂದೆ ಬಾಯಿ ತೆರೆದರು. ಮಾಸ್ತರರು ಕೈ ಅಡ್ಡ ಹಿಡಿದರು. "ಅವರs ಹೇಳ್ಲಿ ತಡೀರಿ."

ಹೂಂ ಎನ್ನಲು ಹೋದೆ. ಗಂಟಲ ನರ ಉಬ್ಬಿತು, ಕಣ್ಣು ಮುಚ್ಚಿಕೊಂಡವು, ಹ್ ಹ್ ಎಂಬ ಗಾಳಿಯ ಹೊರತು ಏನೂ ಬರಲಿಲ್ಲ. ಬಾಗಿಲ ಸಂದಿಯಿಂದ ಹೆಂಗಸರ ನಗು ಕೇಳಿಸಿತು. ಅಲ್ಲಿಂದ ಹೇಗಾದರೂ ಪಾರಾದರೆ ಸಾಕಾಗಿತ್ತು, ಪಾರಾಗಲು ನನಗೆ ಗೊತ್ತಿದ್ದದ್ದು ಒಂದೇ ದಾರಿ.

"ಒಲ್ಲೆ" ಎಂದೆ. ಅಡುಗೆಮನೆಯವರೆಗೂ ಕೇಳುವಷ್ಟು ಸ್ಪಷ್ಟವಾಗಿ ಬಂತು.

ನಗು ನಿಂತಿತು. ತಂದೆ ಶಲ್ಯ ಕೊಡವಿ ಎದ್ದರು.

ಊರ ಹೊರಗೆ ಎತ್ತುಗಳಿಗೆ ನೀರು ಕುಡಿಸಲು ಬಾವಿಯ ಹತ್ತಿರ ಗಾಡಿ ನಿಂತಾಗ ನಾನು ಕೆಳಗಿಳಿದು ಅತ್ತೆ.

"ಅಳೂದ್ಯಾಕ? ನೀನs ಒಲ್ಲೆ ಅಂದ್ಯಲ್ಲೊ," ಎಂದರು ತಂದೆ.

"ಹ... ಹೂಂ ಅನ್ನಾಕ ಬ-ಬರಲಿಲ್ಲ."

ತಂದೆ ಗಾಡಿಯಿಂದ ಇಳಿದು ನನ್ನ ಪಕ್ಕಕ್ಕೆ ಬಂದರು. "ಇಷ್ಟು ವರ್ಷ ನಿನ್ನ ಮಾತೆಲ್ಲಾ ನಾನs ಆಡಿಬಿಟ್ಟೆ," ಎಂದರು. "ನಡಿ, ಗಾಡಿ ಹೊಳ್ಳಸೂಣು. ಆದ್ರ ಅಲ್ಲೆ ನಾ ಬಾಯಿ ಬಿಡಂಗಿಲ್ಲ."

ಒಲ್ಲೆ ಎಂದು ಎದ್ದು ಬಂದ ಮನೆಯ ಮುಂದೆ ಅದೇ ಮಧ್ಯಾಹ್ನ ಮತ್ತೆ ಹೋಗಿ ನಿಲ್ಲುವುದೆಂದರೆ ಏನೆಂದು ನಿಮಗೆ ಹೇಗೆ ಹೇಳಲಿ? ಅಂಗಳದಲ್ಲಿ ಹುಡುಗಿಯ ತಾಯಿ ಉಳಿದ ಶಿರಾವನ್ನು ಆಕಳಿಗೆ ಹಾಕುತ್ತಿದ್ದರು. ನಮ್ಮನ್ನು ಕಂಡು ಸೆರಗು ಎಳೆದುಕೊಂಡು ಒಳಗೆ ಹೋದರು. ಮಾಸ್ತರರು ಹೊಸ್ತಿಲಲ್ಲೇ ನಿಂತು, "ಏನರ ಮರೆತು ಹೋಗೀರೇನು?" ಎಂದರು.

ನಾನು ಶುರುಮಾಡಿದೆ. ಅದೇ ಹ್, ಅದೇ ಗಾಳಿ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ತಂದೆ ಹಿಂದೆ ನಿಂತು ತುಟಿ ಕಚ್ಚಿಕೊಂಡಿದ್ದರು. ಭೂಮಿ ಬಾಯಿ ಬಿಡಲಿ ಎನ್ನಿಸಿತು. ಆಗ ಹುಡುಗಿ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು.

"ಅವಸರ ಏನಿಲ್ರಿ," ಎಂದಳು. "ನಾ ಇಲ್ಲೆ ನಿಂತೀನಿ."

ಎಷ್ಟು ಹೊತ್ತು ಹಿಡಿಯಿತೋ ದೇವರೇ ಬಲ್ಲ. ಕೊನೆಗೆ ಬಂದದ್ದು ಹೂಂ ಎನ್ನುವುದಕ್ಕಿಂತ ಕೆಮ್ಮಿನ ಹಾಗಿತ್ತು. ಅವಳು ಮಾಸ್ತರರ ಕಡೆ ತಿರುಗಿ, "ನಂದೂ ಹೂಂ ಅಪ್ಪಾ" ಎಂದಳು.

ಆಮೇಲೆ ಎಲ್ಲವೂ ಸಲೀಸಾಯಿತು ಎಂದರೆ ಸುಳ್ಳಾದೀತು. ರಾಯಚೂರಿನಲ್ಲಿ ಮನೆ ಹೂಡಿದೆವು. ನಿಜಾಮರ ಆಳಿಕೆ ಮುಗಿದು ಕನ್ನಡ ಕಲಿಸುವವರನ್ನು ಹುಡುಕುತ್ತಿದ್ದಾಗ ನನ್ನನ್ನೂ ಕೇಳಿದರು, ಹೂಂ ಎಂದೆ. ಪದ ಪದಕ್ಕೂ ತಡವರಿಸುತ್ತ ಪಾಠ ಮಾಡಿದೆ. ನನ್ನ ಬೆನ್ನು ತಿರುಗಿದೊಡನೆ ಮಕ್ಕಳು ನನ್ನಂತೆಯೇ ಕುತ್ತಿಗೆ ಎತ್ತಿ ಅಣಕಿಸುತ್ತಿದ್ದರು. ಹೂಂ ಎಂದವನ ಮಾನ ಹೋಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೋಗುತ್ತದೆ. ಆದರೆ ಒಲ್ಲೆ ಎಂದು ಮಾನ ಉಳಿಸಿಕೊಂಡ ದಿನಗಳಲ್ಲಿ ನನ್ನ ಕೈಗೆ ಬಂದದ್ದು ಒಂದೂ ನೆನಪಿಲ್ಲ.

ನಿನ್ನೆ ಶಕ್ತಿನಗರದ ವಿದ್ಯುತ್ ಕೇಂದ್ರದಿಂದ ಕೆಲವು ಎಂಜಿನಿಯರ್ ಹುಡುಗರು ಬಂದಿದ್ದರು. ಅವರ ಕನ್ನಡ ಸಭೆಯಲ್ಲಿ ನಾನು ಮಾತಾಡಬೇಕಂತೆ. ಹಳೆಯ ಮಾತು ನಾಲಿಗೆಯ ತುದಿಗೇ ಬಂದಿತ್ತು; ನುಂಗಿಕೊಂಡೆ. ನಾನು ಒಪ್ಪಿಗೆ ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಗಡಿಯಾರ ನೋಡಿಕೊಂಡ, ನಾನು ಕಂಡೆನೆಂದು ತಿಳಿದು ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ.

ಈಗ ಕನ್ನಡಿಯ ಮುಂದೆ ನಿಂತು "ನಮಸ್ಕಾರ" ಎಂದು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಬೆಳಗಿನಿಂದ ಇನ್ನೂ "ನ" ದಾಟಿಲ್ಲ.