ಸಂಚಕಾರ ಜಮಾ

2023ರ ಬೇಸಿಗೆಯಲ್ಲಿ ನಾನು ಸಿಂಧನೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ರೆಡಿಟ್ ಆಫೀಸರ್ ಆಗಿದ್ದೆ. ವಯಸ್ಸು ಇಪ್ಪತ್ತಾರು, ಅನುಭವ ಹದಿನಾಲ್ಕು ತಿಂಗಳು, ಅಹಂಕಾರ ಮಾತ್ರ ನಲವತ್ತು ವರ್ಷ ಸರ್ವಿಸ್ ಮಾಡಿದವನದ್ದು. ಸಾಲ ಕೇಳಿ ಬಂದವರ ಲೆಕ್ಕಪತ್ರ ಓದಿ, ತೀರಿಸುವ ತಾಕತ್ತು ಅವರಿಗೆ ಇದೆಯೋ ಇಲ್ಲವೋ ಎಂದು ವರದಿ ಬರೆಯುವುದು ನನ್ನ ಕೆಲಸ. ನನ್ನ ಹೆಸರು ಅಮರೇಶ. ಆದರೆ ಮ್ಯಾನೇಜರ್ ಶರಣಪ್ಪ ಸರ್ ನನ್ನನ್ನು ‘ರೇಶ್ಯೋ’ ಎಂದೇ ಕರೆಯುತ್ತಿದ್ದರು. ಒಮ್ಮೆ ಚಹಾದಂಗಡಿಯವನಿಗೆ ಹಾಲಿಗೂ ನೀರಿಗೂ ಇರಬೇಕಾದ ರೇಶ್ಯೋ ವಿವರಿಸಲು ಹೋಗಿ, ಎರಡು ದಿನ ಇಡೀ ಬ್ಯಾಂಕಿಗೇ ಚಹಾ ಬರದ ಹಾಗೆ ಮಾಡಿದ ಕೀರ್ತಿ ನನ್ನದು.

ಆಗಲೇ ಮನೆ ಕಟ್ಟಿ ಮಾರುವ ಒಂದು ಕಂಪನಿ ನಮ್ಮಲ್ಲಿ ಎಂಬತ್ತು ಲಕ್ಷ ಸಾಲ ಕೇಳಿತು. ಮಸ್ಕಿಯ ಹೊರಗೆ, ಲಿಂಗಸೂಗೂರು ರಸ್ತೆಯ ಕಡೆಗೆ, ನಲವತ್ತು ಮನೆಗಳ ಒಂದು ಲೇಔಟ್ ಅವರದ್ದು. ಸಾಲಕ್ಕೆ ಅಡವು ಇಡುವುದೂ ಆ ಲೇಔಟಿನ ನೆಲವನ್ನೇ. ಕಾಗದಪತ್ರ ಹಿಡಿದು ಬಂದ ಅಕೌಂಟೆಂಟನನ್ನು ನೋಡಿ ನಾನು ಕುರ್ಚಿಯಿಂದ ಎದ್ದು ಅಪ್ಪಿಕೊಂಡೆ. ಅವನು ವೀರೇಶ. ಸಂತೆಕಲ್ಲೂರಿನವನು, ಲಿಂಗಸೂಗೂರಿನ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ಮೂರು ವರ್ಷ ನನ್ನ ಪಕ್ಕದಲ್ಲೇ ಕೂತವನು. ಪರೀಕ್ಷೆಯಲ್ಲಿ ಅವನ ಟ್ರಯಲ್ ಬ್ಯಾಲೆನ್ಸ್ ನೋಡಿ ಬರೆದು, ಅವನ ತಪ್ಪನ್ನೂ ಅಚ್ಚುಕಟ್ಟಾಗಿ ನಕಲು ಮಾಡಿ ಇಬ್ಬರೂ ಒಟ್ಟಿಗೆ ನಪಾಸಾಗಿದ್ದೆವು. ಅದಕ್ಕಿಂತ ಗಟ್ಟಿಯಾದ ಸ್ನೇಹ ಇನ್ನೇನು ಬೇಕು?

ಮಧ್ಯಾಹ್ನ ಮಿರ್ಚಿ ತಿನ್ನಲು ಹೊರಗೆ ಹೋದೆವು.

“ಖರೇ ಹೇಳಲೇ ಅಮರ್ಯಾ, ನೀವು ಬ್ಯಾಂಕಿನೋರು ಒಳಗ ಕುಂತು ಏನ್ ನೋಡ್ತೀರಿ?” ಎಂದು ಅವನು ಕೇಳಿದ.

ಇಂಥ ಪ್ರಶ್ನೆಯನ್ನು ಜೀವನದಲ್ಲಿ ಯಾರೂ ನನಗೆ ಕೇಳಿರಲಿಲ್ಲ. ಮಿರ್ಚಿ ಕಟ್ಟಿಕೊಟ್ಟ ಕಾಗದದ ಮೇಲೆಯೇ ಪಾಠ ಶುರು ಮಾಡಿದೆ. ಮೊದಲನೆಯದು ಕರೆಂಟ್ ರೇಶ್ಯೋ: ಒಂದು ವರ್ಷದೊಳಗೆ ನಗದಾಗುವ ಆಸ್ತಿಯನ್ನು, ಒಂದು ವರ್ಷದೊಳಗೆ ತೀರಿಸಬೇಕಾದ ಬಾಕಿಯಿಂದ ಭಾಗಿಸುವುದು. ಎರಡರ ಮೇಲಿದ್ದರೆ ಕಂಪನಿಗೆ ಉಸಿರಾಡಲು ಜಾಗವಿದೆ ಎಂದರ್ಥ. ಎರಡನೆಯದು ಡೆಟ್-ಈಕ್ವಿಟಿ: ಮಾಲೀಕನ ಸ್ವಂತ ಒಂದು ರೂಪಾಯಿಗೆ ದೀರ್ಘಾವಧಿ ಸಾಲ ಎಷ್ಟು ಎಂಬುದು. ಒಂದರ ಕೆಳಗಿದ್ದರೆ ನೆಮ್ಮದಿ. ಮೂರನೆಯದು ಇಂಟರೆಸ್ಟ್ ಕವರೇಜ್: ಲಾಭ ಬಡ್ಡಿಯ ಎಷ್ಟು ಪಟ್ಟು ಇದೆ ಎಂಬುದು.

“ಈ ಮೂರು ಛಂದ ಇದ್ರ ಮುಗೀತು. ನಾಲ್ಕನೇದ್ದು ನಾ ನೋಡಂಗೇ ಇಲ್ಲ,” ಎಂದು ಎಣ್ಣೆ ಕೈ ಒರೆಸಿಕೊಂಡೆ.

ವೀರೇಶ ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. ನನ್ನ ಅಕ್ಷರದ ಮೇಲಿನ ಪ್ರೀತಿ ಎಂದುಕೊಂಡೆ.

ಎಂಟು ದಿನಕ್ಕೆ ಬ್ಯಾಲೆನ್ಸ್ ಶೀಟ್ ಬಂತು. ಪ್ರಾವಿಷನಲ್, ಅಂದರೆ ಇನ್ನೂ ಆಡಿಟ್ ಆಗದ, ಕಂಪನಿಯೇ ತಯಾರಿಸಿಕೊಟ್ಟ ಲೆಕ್ಕ. “ಆಡಿಟ್ ಆದದ್ದು ಹಿಂದಿಂದ ಬರ್ತೈತಿ” ಎಂದ ವೀರೇಶ. ನಾನು ಕ್ಯಾಲ್ಕುಲೇಟರ್ ಹಿಡಿದೆ. ಚಾಲ್ತಿ ಆಸ್ತಿ ಎರಡು ಕೋಟಿ ಹತ್ತು ಲಕ್ಷ, ಚಾಲ್ತಿ ಬಾಕಿ ಒಂದು ಕೋಟಿ: ಕರೆಂಟ್ ರೇಶ್ಯೋ 2.1. ದೀರ್ಘಾವಧಿ ಸಾಲ ಅರವತ್ತು ಲಕ್ಷ, ಸ್ವಂತ ಬಂಡವಾಳ ಮತ್ತು ಕೂಡಿಟ್ಟ ಲಾಭ ಸೇರಿ ಒಂದೂವರೆ ಕೋಟಿ: ಡೆಟ್-ಈಕ್ವಿಟಿ 0.4. ಬಡ್ಡಿ ಹತ್ತು ಲಕ್ಷ, ಬಡ್ಡಿಗೆ ಮೊದಲಿನ ಲಾಭ ಒಂದು ಕೋಟಿ ಇಪ್ಪತ್ತು ಲಕ್ಷ: ಹನ್ನೆರಡು ಪಟ್ಟು. ಮದುವೆಗೆ ಹುಡುಗಿ ನೋಡಲು ಹೋದಾಗಲೂ ನನ್ನ ಎದೆ ಹೀಗೆ ಬಡಿದುಕೊಂಡಿರಲಿಲ್ಲ.

ಸೈಟ್ ನೋಡಲು ಮಸ್ಕಿಗೆ ಹೋದೆ. ಎಂಜಿನಿಯರನಂತೆ ಗಂಭೀರವಾಗಿ ಗೋಡೆಗೆ ಒರಗಿ ನಿಂತೆ. ಗೋಡೆಗೆ ಆಗಷ್ಟೇ ಹಳದಿ ಬಣ್ಣ ಬಳಿದಿದ್ದರು. ಆ ಬೆನ್ನು ಹೊತ್ತು ಬಸ್ಸಿನಲ್ಲಿ ಸಿಂಧನೂರು ಸೇರುವವರೆಗೆ ನನಗೆ ಗೊತ್ತೇ ಆಗಲಿಲ್ಲ. ಗೊತ್ತಾಗದೇ ಹೋದದ್ದು ಅದೊಂದೇ ಅಲ್ಲ. “ಮೂವತ್ತು ಮನಿ ಮಾರಿ ಕುಂತೀವಿ” ಎಂದು ವೀರೇಶ ಹೇಳಿದ. ಅಲ್ಲಿ ಛಾವಣಿ ಹಾಕಿದ್ದು ಮೂರು ಮನೆಗೆ. ಒಲೆ ಹೊತ್ತಿದ ಮನೆ ಒಂದೂ ಇರಲಿಲ್ಲ. ಲೆಕ್ಕದಲ್ಲಿ ಮಾರಾಟ ಒಂದು ಕೋಟಿ ಇಪ್ಪತ್ತು ಲಕ್ಷ, ಕಟ್ಟುವ ಖರ್ಚನ್ನೆಲ್ಲ ಆಸ್ತಿಯ ಸಾಲಿಗೆ ಹಾಕಿದ್ದರಿಂದ ಅಷ್ಟೂ ಲಾಭ. ಅದನ್ನು ಮೂವತ್ತರಿಂದ ಭಾಗಿಸಿದ್ದರೆ ಒಂದು ಮನೆಗೆ ನಾಲ್ಕೇ ಲಕ್ಷ ಬರುತ್ತಿತ್ತು. ಆ ದುಡ್ಡಿಗೆ ಮಸ್ಕಿಯಲ್ಲಿ ಬರೀ ಸೈಟು ಸಿಕ್ಕೀತೇ ಹೊರತು ಮನೆಯಲ್ಲ. ಭಾಗಾಕಾರದ ಪಂಡಿತನಾದ ನಾನು ಆ ಒಂದು ಭಾಗಾಕಾರ ಮಾಡಲಿಲ್ಲ.

ಅವರ ಆಫೀಸಿನಲ್ಲಿ ಕಿರ್ದಿ ತೆರೆದು ನೋಡಿದೆ. ಕಿರ್ದಿ ಎಂದರೆ ದಿನದ ಜಮಾ-ಖರ್ಚು ಬರೆಯುವ ಪುಸ್ತಕ. ಅದನ್ನು ಹಳೆಯ ಗುಮಾಸ್ತರೊಬ್ಬರು ಕನ್ನಡದಲ್ಲಿ ಕೈಯಿಂದ ಬರೆಯುತ್ತಿದ್ದರು. ಪುಟಪುಟದಲ್ಲೂ ‘ಸಂಚಕಾರ ಜಮಾ 4,00,000’ ಎಂದಿತ್ತು. ನನಗೆ ಆ ಪದ ಪರಿಚಯವಿದ್ದದ್ದು ‘ಪ್ರಾಣಕ್ಕೆ ಸಂಚಕಾರ’ ಎಂಬಂಥ ಸುದ್ದಿಯ ತಲೆಬರಹಗಳಿಂದ. ಅಪಾಯಕ್ಕೆಂದು ತೆಗೆದಿಟ್ಟ ಹಣವೇನೋ, ಎಷ್ಟು ಮುಂಜಾಗ್ರತೆಯ ಜನ ಎಂದು ಮೆಚ್ಚಿಕೊಂಡೆ. ಆದರೂ ಕೇಳಿದೆ.

“ಹುಚ್ಚ ಅದಿ ಏನಲೇ? ಮನಿ ಮಾರಿದ ರೊಕ್ಕಕ್ಕ ಹಂಗ ಬರೀತಾರ ಮುದುಕರು. ಸೇಲ್ಸ್ ಅದು,” ಎಂದು ವೀರೇಶ ನಕ್ಕ.

ಆಫೀಸರ್ ಆದವನಿಗೆ ಕನ್ನಡ ಬರುವುದಿಲ್ಲ ಎಂದಾಗಬಾರದಲ್ಲ. “ಗೊತ್ತೈತಿ ಬಿಡು” ಎಂದು ಪುಸ್ತಕ ಮುಚ್ಚಿದೆ. ವರದಿಯಲ್ಲಿ ‘ಕಂಪನಿ ಆರ್ಥಿಕವಾಗಿ ಸದೃಢ’ ಎಂದು ಬರೆದು, ಸದೃಢ ಎಂಬುದರ ಕೆಳಗೆ ಗೆರೆಯನ್ನೂ ಎಳೆದೆ.

ಮರುದಿನ ಸುಜಾತಾ ಸಿಸ್ಟರ್ ಬಂದರು. ಲಿಂಗಸೂಗೂರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಗಂಡ ಪಾಮನಕಲ್ಲೂರಿನಲ್ಲಿ ಶಾಲಾ ಮೇಷ್ಟ್ರು. ಇಬ್ಬರಿಗೂ ಹೋಗಿಬರಲು ಅನುಕೂಲವೆಂದು ಮಸ್ಕಿಯ ಅದೇ ಲೇಔಟಿನಲ್ಲಿ ಒಂದು ಮನೆ ಕೊಳ್ಳಲು ಮಾತಾಡಿದ್ದರು. ಗೃಹಸಾಲಕ್ಕೆ ಏನೇನು ಕಾಗದ ಬೇಕೆಂದು ವಿಚಾರಿಸಲು ಬಂದಿದ್ದರು.

“ನಮ್ಮ ಮನಿ ಮಂದಿಗೆ ಸ್ವಂತ ಮನಿ ಅಂಬೋದು ಇದೇ ಮೊದಲನೇದ್ದು ನೋಡ್ರಿ. ಬಾಡಿಗಿ ಮನ್ಯಾಗ ಬುದ್ಧನ ಫೋಟೋ ಹಾಕಾಕ ಒಂದು ಮೊಳಿ ಹೊಡದ್ರ ಮಾಲಕರು ವಾರಗಟ್ಲೆ ಮಾತಾಡ್ಲಿಲ್ಲ,” ಎಂದು ನಕ್ಕರು. ಎದ್ದು ಹೋಗುವಾಗ ಕೇಳಿದರು: “ಸರ್, ಆ ಕಂಪನಿ ಹ್ಯಾಂಗ ಐತ್ರಿ? ಎರಡನೇ ಕಂತು ಮೂರು ಲಕ್ಷ ಕಟ್ರಿ ಅಂತ ಬೆನ್ನ ಹತ್ಯಾರ. ಕಟ್ಲೋ ಬ್ಯಾಡೋ?”

ಬೇರೆ ಗ್ರಾಹಕರ ಲೆಕ್ಕ ಬಾಯಿ ಬಿಡಬಾರದು ಎಂಬುದು ಬ್ಯಾಂಕಿನ ಮೊದಲ ನಿಯಮ. ನಾನು ಎದೆ ಉಬ್ಬಿಸಿ ಹೇಳಿದೆ: “ಗಟ್ಟಿ ಐತ್ರಿ ಸಿಸ್ಟರ್. ನಾನ ಲೆಕ್ಕ ಹಾಕೀನಿ. ಎರಡು ಪಾಯಿಂಟ್ ಒಂದು!”

ಅವರಿಗೆ ಎರಡು ಪಾಯಿಂಟ್ ಒಂದು ಏನೆಂದು ತಿಳಿಯಲಿಲ್ಲ. ನನ್ನ ಮುಖ ನೋಡಿ ನಂಬಿದರು.

ಎರಡು ವಾರದ ನಂತರ ಒಂದು ಶುಕ್ರವಾರ ಅವರು ಅರ್ಜಿ ತುಂಬಿ ತಂದರು. ಸೋಮವಾರ ಸಾಲ ಸಮಿತಿಯ ಮುಂದೆ ಕಂಪನಿಯ ಎಂಬತ್ತು ಲಕ್ಷ ಬರುವುದಿತ್ತು. ಸಿಸ್ಟರ್ ತಂದ ಕಾಗದಗಳಲ್ಲಿ ಎರಡು ರಸೀದಿ ಇದ್ದವು. ಮಾರ್ಚ್‌ಗೆ ಮುಂಚಿನ ನಾಲ್ಕು ಲಕ್ಷದ್ದು ಒಂದು, ಹೋದ ವಾರದ ಮೂರು ಲಕ್ಷದ್ದು ಇನ್ನೊಂದು. ಎರಡರ ತಲೆಯ ಮೇಲೂ ‘ಸಂಚಕಾರ ಪಾವತಿ’. ಪಕ್ಕದಲ್ಲಿ ನಿಂತಿದ್ದ ಶರಣಪ್ಪ ಸರ್ ಅವನ್ನು ನೋಡಿ, “ಮುಂಗಡ ಏಳು ಲಕ್ಷ ಕೊಟ್ಟೀರೇನ್ರಿ?” ಎಂದು ಸಿಸ್ಟರನ್ನು ಕೇಳಿದರು.

“ಸರ್, ಇದು ಸೇಲ್ಸ್ ರೀ,” ಎಂದೆ ನಾನು.

“ಯಾವಂವ ಹೇಳ್ದಲೇ ರೇಶ್ಯೋ? ಸಂಚಕಾರ ಅಂದ್ರ ಖರೀದಿ ಮಾತಾದಾಗ ಕೊಡೋ ಮುಂಗಡ. ಮನಿ ಕೈಗೆ ಬರೋತನ ಅದು ಕೊಟ್ಟೋರ ರೊಕ್ಕ, ತಗೊಂಡೋರದಲ್ಲ.”

ಸಿಸ್ಟರ್ ಅರ್ಜಿ ಕೊಟ್ಟು ಹೋದರು. ನಾನು ಬಾಗಿಲು ಹಾಕಿಕೊಂಡು ಕ್ಯಾಲ್ಕುಲೇಟರ್ ಹಿಡಿದೆ. ಮೂವತ್ತು ಜನರ ನಾಲ್ಕು ನಾಲ್ಕು ಲಕ್ಷ, ಒಂದು ಕೋಟಿ ಇಪ್ಪತ್ತು ಲಕ್ಷ, ಲಾಭವಲ್ಲ. ಮನೆ ಕೊಟ್ಟು ತೀರಿಸಬೇಕಾದ ಬಾಕಿ. ಅದನ್ನು ಸ್ವಂತ ಬಂಡವಾಳದ ಸಾಲಿನಿಂದ ತೆಗೆದು ಬಾಕಿಯ ಸಾಲಿಗೆ ಹಾಕಿದೆ. ಚಾಲ್ತಿ ಬಾಕಿ ಎರಡು ಕೋಟಿ ಇಪ್ಪತ್ತು ಲಕ್ಷವಾಯಿತು. 2.1 ಇದ್ದ ಕರೆಂಟ್ ರೇಶ್ಯೋ 0.95ಕ್ಕೆ ಇಳಿಯಿತು. ಒಂದೂವರೆ ಕೋಟಿಯ ಸ್ವಂತ ಬಂಡವಾಳದಲ್ಲಿ ಉಳಿದದ್ದು ಮೂವತ್ತು ಲಕ್ಷ, ಡೆಟ್-ಈಕ್ವಿಟಿ 0.4ರಿಂದ 2ಕ್ಕೆ ಹಾರಿತು. ಲಾಭವೇ ಇಲ್ಲದ ಮೇಲೆ ಬಡ್ಡಿಯ ಹನ್ನೆರಡು ಪಟ್ಟು ಎಲ್ಲಿಂದ ಬರಬೇಕು? ಸೊನ್ನೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಸಾಲಕ್ಕೆ ಅಡವು ಇಡುವ ನೆಲದಲ್ಲಿ ಸಿಸ್ಟರ್ ದುಡ್ಡು ಕೊಟ್ಟ ಸೈಟೂ ಇತ್ತು. ಸೋಮವಾರ ಸಾಲ ಮಂಜೂರಾಗಿ ಕಂಪನಿ ಮುಳುಗಿದರೆ, ಅವರ ಮನೆಯನ್ನು ಹರಾಜಿಗಿಡುವವರು ನಾವೇ.

ಶನಿವಾರ ಬೆಳಿಗ್ಗೆ ಮಸ್ಕಿಗೆ ಹೋದೆ. ವೀರೇಶ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಹಿಡಿದು ನಿಂತಿದ್ದ. ತಪ್ಪಾಗಿದೆ, ತಿದ್ದಿಕೊಡುತ್ತೇನೆ ಅನ್ನುತ್ತಾನೆ ಎಂಬ ಆಸೆ ನನಗಿನ್ನೂ ಇತ್ತು. ಆ ಆಸೆಗೂ ಒಂದು ರೇಶ್ಯೋ ಇದ್ದಿದ್ದರೆ ಗಿನ್ನಿಸ್ ದಾಖಲೆಯಾಗುತ್ತಿತ್ತು.

“ಮುಂಗಡನ ಸೇಲ್ಸ್ ಅಂತ ಯಾಕ ಹಾಕಿದಿ?”

“ನೀನ ಹೇಳಿದೆಲ್ಲಲೇ, ಎರಡರ ಮ್ಯಾಲ ಇರಬೇಕಂತ? ಎರಡು ಪಾಯಿಂಟ್ ಒಂದು ಕೊಟ್ಟೀನಿ,” ಎಂದ. ಅವನ ದನಿಯಲ್ಲಿ ಅಳುಕೇ ಇರಲಿಲ್ಲ. ಪರೀಕ್ಷೆ ಚೆನ್ನಾಗಿ ಬರೆದವನ ಖುಷಿ ಇತ್ತು.

“ನಂಗ ಮೋಸ ಮಾಡಿದೆಲ್ಲೋ ವೀರ್ಯಾ.”

“ನಿನಗೇನ್ ಮೋಸಲೇ? ಪಗಾರ ನಿಂದು ನಿನಗ ಬರ್ತೈತಿ. ಬ್ಯಾಂಕಿನ ರೊಕ್ಕ ನಿಮ್ಮಪ್ಪಂದೇನು?” ಚಹಾ ಒಂದು ಗುಟುಕು ಕುಡಿದು ಸಮಾಧಾನವಾಗಿ ಹೇಳಿದ: “ಮಾಲಕರು ರಾಯಚೂರಿನ ದೊಡ್ಡ ಬ್ಯಾಂಕಿಗೆ ಹೋಗ್ತೀನಿ ಅಂದಿದ್ರು. ಅಲ್ಲಿ ಆಡಿಟ್ ಕೇಳ್ತಾರ. ಸಿಂಧನೂರಾಗ ನಮ್ಮ ಅಮರೇಶ ಅದಾನ, ಅಂವ ಕೇಳಂಗಿಲ್ಲ ಅಂತ ನಾನ ಕರಕೊಂಡು ಬಂದೀನಿ.”

ಕ್ಲಾಸಿನಲ್ಲಿ ಅವನು ನನ್ನನ್ನು ಎಷ್ಟೋ ಸಲ ಕತ್ತೆ ಎಂದಿದ್ದ. ನೋವಾಗಿರಲಿಲ್ಲ. ಆಗ ಅದು ಬರೀ ತಮಾಷೆ. ಈಗ ಅದನ್ನೇ ಲೆಕ್ಕಕ್ಕೆ ಹಿಡಿದು, ಅದರ ಮೇಲೆ ಎಂಬತ್ತು ಲಕ್ಷದ ಅರ್ಜಿ ಹಾಕಿದ್ದ. ನಾನು ಏನಾದರೂ ಖಾರವಾಗಿ ಹೇಳಿದೆ ಎಂದು ಬರೆಯಲು ಆಸೆ. ಮಾಡಿದ್ದು ಇಷ್ಟೇ: ನನ್ನ ಚಹಾದ ಹತ್ತು ರೂಪಾಯಿ ನಾನೇ ಕೊಟ್ಟು ಬಸ್ ಹತ್ತಿದೆ.

ಸೋಮವಾರ ಸಮಿತಿಯ ಮುಂದೆ ಎದ್ದು ನಿಂತೆ. ಹಳೆಯ ವರದಿ ವಾಪಸ್ ತೆಗೆದುಕೊಳ್ಳುತ್ತೇನೆಂದು ಹೇಳಿ ಹೊಸ ಅಂಕಿ ಓದಿದೆ. ಅಕ್ಕಿ ಗಿರಣಿ ಇದ್ದ ಅಧ್ಯಕ್ಷರು ಕನ್ನಡಕ ತೆಗೆದರು.

“ಮನ್ನೆ ಎರಡು ಅಂದಿ, ಇವತ್ತು ಒಂದಕ್ಕೂ ಕಮ್ಮಿ ಅಂತಿ. ಏನ್ ತಮ್ಮಾ, ಇದು ರೇಶ್ಯೋನೋ, ಭತ್ತದ ರೇಟೋ?”

ಎಲ್ಲರೂ ನಕ್ಕರು. ನಾನು, ಸಂಚಕಾರ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಯಿತು ಎಂದೆ. ನಗು ನಿಂತಿತು. ಸಾಲ ತಿರಸ್ಕಾರವಾಯಿತು. ನನಗೆ ಮೆಮೋ ಸಿಕ್ಕಿತು, ಒಂದು ಇನ್‌ಕ್ರಿಮೆಂಟ್ ಹೋಯಿತು. ನ್ಯಾಯವಾದದ್ದೇ.

ಇನ್ನೊಂದು ಕೆಲಸ ಬಾಕಿ ಇತ್ತು. ಮರುದಿನ ಲಿಂಗಸೂಗೂರಿಗೆ ಹೋದೆ. ಸಿಸ್ಟರ್ ಆಸ್ಪತ್ರೆಯ ವರಾಂಡದಲ್ಲಿ ನಿಂತೇ ಎಲ್ಲವನ್ನೂ ಕೇಳಿಸಿಕೊಂಡರು. ಬೈಯುತ್ತಾರೆಂದು ತಲೆ ತಗ್ಗಿಸಿದೆ.

“ನೀವು ಗಟ್ಟಿ ಐತಿ ಅಂದಿದ್ದಕ್ಕ ಬಂಗಾರದ ಬಳಿ ಅಡ ಇಟ್ಟು ಕಟ್ಟೀನಿ,” ಎಂದರು. ಆಮೇಲೆ ‘ಸರ್’ ಎನ್ನುವುದನ್ನು ಬಿಟ್ಟರು. “ತಮ್ಮಾ, ಕೂಸಿಗೆ ಜ್ವರ ಅಂತ ಅವರವ್ವ ಕರಕೊಂಡು ಬರ್ತಾಳ. ನೂರಾಎರಡು ಐತ್ರಿ ಅಂತಾಳ. ಆಕಿ ಹೇಳಿದ್ದನ್ನ ಬರಕೊಂಡು ಗುಳಿಗಿ ಕೊಡಂಗಿಲ್ಲ ನಾವು. ಥರ್ಮಾಮೀಟರ್ ನಾವ ಇಡ್ತೀವಿ. ಆಕಿ ಸುಳ್ಳ ಹೇಳ್ತಾಳ ಅಂತಲ್ಲ. ಅದು ನಮ್ಮ ಕೆಲಸ ಅಂತ.”

ಒಳಗಿನಿಂದ ಯಾರೋ ಕರೆದರು. ಹೋದರು.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ಬೇರೆಯ ಕೆಲಸದವರು ಹೇಳಿಕೊಡಬೇಕಾಯಿತು. ರೇಶ್ಯೋ ಸುಳ್ಳು ಹೇಳುವುದಿಲ್ಲ, ಆದರೆ ಕೊಟ್ಟ ಅಂಕಿಯನ್ನಷ್ಟೇ ಭಾಗಿಸುತ್ತದೆ. ನಾವು ಏನು ಹುಡುಕುತ್ತೇವೆಂದು ಮೊದಲೇ ಸಾರಿಬಿಟ್ಟರೆ ಅದು ಸಿಗದೇ ಇರುವುದಿಲ್ಲ. ಈಗ ಮನೆ ಕಟ್ಟುವವರ ಫೈಲ್ ಬಂದರೆ ಬ್ಯಾಲೆನ್ಸ್ ಶೀಟ್ ಪಕ್ಕಕ್ಕಿಟ್ಟು ಮೊದಲು ರಸೀದಿ ಪುಸ್ತಕ ಕೇಳುತ್ತೇನೆ. ಆಮೇಲೆ ಸೈಟಿಗೆ ಹೋಗಿ ಛಾವಣಿ ಎಣಿಸುತ್ತೇನೆ. ಗೊತ್ತಿಲ್ಲದ ಪದ ಕಂಡರೆ ಗೊತ್ತಿಲ್ಲ ಎನ್ನುತ್ತೇನೆ. ವೀರೇಶನ ಫೋನ್ ಈಗಲೂ ಹಬ್ಬಕ್ಕೊಮ್ಮೆ ಬರುತ್ತದೆ. ಎತ್ತುವುದಿಲ್ಲ. ನಂಬರ್ ಅಳಿಸಲೂ ಕೈ ಬಂದಿಲ್ಲ.

ನಮ್ಮ ಸಾಲ ಸಿಗದೆ ಕಂಪನಿ ಆರೇ ತಿಂಗಳಲ್ಲಿ ಕೈ ಎತ್ತಿತು. ಲೇಔಟ್ ಯಾರಿಗೂ ಅಡವಾಗಿರಲಿಲ್ಲವಾದ್ದರಿಂದ ಮೂವತ್ತು ಜನ ಒಟ್ಟಾಗಿ ಹೋಗಿ ಸೈಟುಗಳನ್ನು ತಮ್ಮ ಹೆಸರಿಗೆ ನೋಂದಣಿ ಮಾಡಿಸಿಕೊಂಡರು. ಮೊದಲ ಕಂತು ಸೈಟಿನ ಬೆಲೆಗೆ ಸರಿಹೋಯಿತು, ಎರಡನೇ ಕಂತು ಮಾತ್ರ ಯಾರಿಗೂ ವಾಪಸ್ ಬರಲಿಲ್ಲ. ಸಿಸ್ಟರ್ ನಮ್ಮ ಬ್ಯಾಂಕಿನ ಸಾಲ ತೆಗೆದುಕೊಂಡು ತಾವೇ ಮನೆ ಕಟ್ಟಿಸಿದರು. ಕೊನೆಯ ಪರಿಶೀಲನೆಗೆ ಶರಣಪ್ಪ ಸರ್ ಬೇಕೆಂದೇ ನನ್ನನ್ನು ಕಳಿಸಿದರು. ಟೇಪ್ ಹಿಡಿದು ಕೋಣೆ ಕೋಣೆ ಅಳೆದೆ. ಏಪ್ರಿಲ್ ತಿಂಗಳ ಮಸ್ಕಿ, ಒಳಗೆ ನಿಲ್ಲಲಾಗದಷ್ಟು ಧಗೆ. ತಲೆ ಎತ್ತಿ ನೋಡಿದೆ.

“ಸ್ಲ್ಯಾಬಿಗೆ ಮೂರು ಲಕ್ಷ ಕಮ್ಮಿ ಬಿತ್ತು,” ಎಂದರು ಸಿಸ್ಟರ್, ಬಾಗಿಲಲ್ಲಿ ನಿಂತು. “ಬರಕೋ ತಮ್ಮಾ. ತಗಡು.”

ಬರೆದುಕೊಂಡೆ.