ಭಾವನ ಅರ್ಧ ನಗು

ಬೆಳಗಿನ ಐದೂವರೆ. ಮನರಂಜನಾ ಪಾರ್ಕಿನ ಹಿಂಬಾಗಿಲಿಗೆ ಅಂಟಿಕೊಂಡ ಉದ್ದನೆಯ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಕಣ್ಣು ಹೊಡೆದು ಹತ್ತಿಕೊಳ್ಳುತ್ತದೆ. ಕನ್ನಡಿಯ ಮುಂದೆ ಒಬ್ಬ ಹುಡುಗಿ ಆಕಳಿಸುತ್ತಾ ಕೂತಿದ್ದಾಳೆ. ಇನ್ನು ಇಪ್ಪತ್ತೈದು ನಿಮಿಷಕ್ಕೆ ಅವಳು ಬಾವಿಗೆ ಬಿದ್ದು ಹತ್ತು ದಿನವಾದವಳು.

"ನಗಮ್ಮ," ಎನ್ನುತ್ತಾರೆ ಇಲ್ಲಿ ಮೇಕಪ್ ಮಾಡುವ ಬಣ್ಣದಕ್ಕ.

"ಅಯ್ಯೋ ಅಕ್ಕ, ಇನ್ನೂ ಹಲ್ಲೇ ಉಜ್ಜಿಲ್ಲ."

"ಹೆಣಕ್ಕೆ ಯಾಕೆ ಹಲ್ಲುಜ್ಜೋದು? ನಗು ಸುಮ್ನೆ."

ಹುಡುಗಿ ನಗುತ್ತಾಳೆ. ದರ್ಜಿ ಭುಜದ ಅಳತೆ ನೋಡುವ ಹಾಗೆ ಬಣ್ಣದಕ್ಕ ಆ ನಗುವನ್ನು ನೋಡುತ್ತಾರೆ. ಕೆನ್ನೆ ಎಲ್ಲಿ ಮಡಚಿತು, ಕಣ್ಣಂಚಿನ ಗೆರೆ ಎಷ್ಟು ದೂರ ಓಡಿತು ಎಂದು ಗೊತ್ತಾದ ಮೇಲೆಯೇ ಬ್ರಷ್ಷಿಗೆ ಕೈ. ಗಾಯಗಳೆಲ್ಲ ಕೂರುವುದು ಆ ನಗೆಯ ಗೆರೆಗಳ ಮೇಲೆಯೇ. "ನಗೋ ಜಾಗದಲ್ಲಿ ಚರ್ಮ ತಾನಾಗೇ ಮಡಚತ್ತೆ. ಅಲ್ಲಿ ಗಾಯ ಇಟ್ರೆ ಅದಕ್ಕೂ ಜೀವ ಬರತ್ತೆ. ಬೇರೆ ಕಡೆ ಇಟ್ರೆ ಗೋಡೆಗೆ ಅಂಟಿಸಿದ ಪೋಸ್ಟರ್ರು," ಎನ್ನುತ್ತಾರೆ. ಈ ಕೋಣೆಯಲ್ಲಿ ನಗದೆ ಯಾರೂ ದೆವ್ವವಾಗುವಂತಿಲ್ಲ.

ಪಾರ್ಕಿನ ಭೂತಬಂಗಲೆಗೆ ಇದು ಹ್ಯಾಲೊವೀನ್ ಸೀಸನ್ನು. ಹನ್ನೊಂದಕ್ಕೆ ಮೊದಲ ಷೋ. ಅಷ್ಟರೊಳಗೆ ಹನ್ನೆರಡು ಮುಖ ಸಾಯಬೇಕು. ಟಿಶ್ಯೂ ಕಾಗದವನ್ನು ಕತ್ತರಿಸುವುದಿಲ್ಲ, ಹರಿಯುತ್ತಾರೆ. ಹರಿದ ಅಂಚು ಮಾತ್ರ ಚರ್ಮದೊಳಗೆ ಕರಗುತ್ತದಂತೆ. ಅದರ ಮೇಲೆ ರಬ್ಬರ್ ಹಾಲು, ಹೇರ್ ಡ್ರೈಯರ್ ಗಾಳಿ, ಆಮೇಲೆ ಸ್ಪಂಜಿನ ಚೂರಿನಲ್ಲಿ ತಟ್ಟಿ ತಟ್ಟಿ ಬಣ್ಣ. ಹೊಸ ರಕ್ತಕ್ಕೆ ಕೆಂಪು ಬೆರೆಸಿದ ಸಕ್ಕರೆ ಪಾಕ, ಹಳೆಯದಕ್ಕೆ ಚಿಟಿಕೆ ಕಾಫಿಪುಡಿ. ಹೆಣ ಬಿಳಿಚಿಕೊಂಡಿರುತ್ತದೆ ಎಂದುಕೊಂಡವರಿಗೆ ಇಲ್ಲಿ ಪಾಠವಾಗುತ್ತದೆ. ಕಿವಿಯ ಹಿಂದೆ ನೇರಳೆ, ತುಟಿಯ ಸುತ್ತ ಮಾಸಿದ ಹಳದಿ, ಮೂಗಿನ ಬದಿಗೆ ಹಸಿರು ಇದೆಯೋ ಇಲ್ಲವೋ ಎನ್ನುವಷ್ಟು. ಇದನ್ನೆಲ್ಲ ಬಳಿಯುವ ಬೆರಳುಗಳ ತುದಿ ಅಂಟು ಕರಗಿಸುವ ದ್ರವಕ್ಕೆ ಸುಲಿದು ಸುಲಿದು ನುಣ್ಣಗಾಗಿದೆ. "ನನ್ ಫೋನು ನನ್ನನ್ನೇ ಗುರುತು ಹಿಡಿಯಲ್ಲ," ಎಂದು ಹೆಬ್ಬೆರಳು ತೋರಿಸುತ್ತಾರೆ. ಅವರ ಸ್ವಂತ ಮುಖದ ಮೇಲೆ ಪೌಡರೂ ಇಲ್ಲ.

ಹತ್ತೊಂಬತ್ತು ವರ್ಷದ ಕೆಲಸ. ಅದಕ್ಕೂ ಮೊದಲು ಗೊಂಬೆ ಕಾರ್ಖಾನೆಯಲ್ಲಿ ಆರು ವರ್ಷ ಕಣ್ಣು ಬರೆದವರು. ದಿನಕ್ಕೆ ನಾನೂರು ಗೊಂಬೆ, ಎಂಟುನೂರು ಕಣ್ಣು. ಕಾರ್ಖಾನೆಗೆ ಬೀಗ ಬಿದ್ದ ವಾರವೇ ಗಂಡನ ಅಣ್ಣ ಇಲ್ಲಿಗೆ ಕರೆತಂದರು. ಅವರು ಆಗಲೇ ಭೂತಬಂಗಲೆಯ ಮೂರನೇ ಕೋಣೆಯಲ್ಲಿ ಶವಪೆಟ್ಟಿಗೆಯೊಳಗಿನ ಹೆಣ. ಬಣ್ಣದಕ್ಕ ಕರೆಯುವುದು ಭಾವ ಎಂದು. ಅದೇ ಎಲ್ಲರ ಬಾಯಿಗೂ ಹತ್ತಿ ಪಾರ್ಕಿಗೆಲ್ಲ ಅವರು ಪೆಟ್ಟಿಗೆ ಭಾವ. ಬಣ್ಣದಕ್ಕನ ಮಗಳು ಒಂದನೇ ತರಗತಿಯಲ್ಲಿ, ದೊಡ್ಡಪ್ಪ ಪೆಟ್ಟಿಗೆಯಲ್ಲಿ ಮಲಗಿರ್ತಾರೆ, ಅಮ್ಮ ದಿನಾ ಹನ್ನೆರಡು ಹೆಣ ಮಾಡ್ತಾಳೆ ಎಂದು ಹೇಳಿದ್ದಕ್ಕೆ ಟೀಚರು ಮನೆಯವರೆಗೂ ಬಂದಿದ್ದರು.

ಮೂರು ತಿಂಗಳ ಹಿಂದೆ ಭಾವ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿತು. ಮುಖದ ನರ ಕೈಕೊಟ್ಟಿತ್ತು. ಎಡಗಣ್ಣು ಮಿಟುಕುವುದಿಲ್ಲ, ಎಡತುಟಿ ಏಳುವುದಿಲ್ಲ. ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರು. ಮ್ಯಾನೇಜರು ಕೆಟ್ಟವರಲ್ಲ, ಗೇಟಿನಲ್ಲಿ ಟಿಕೆಟ್ ಹರಿಯಲು ಕುರ್ಚಿ ಕೊಡುತ್ತೇನೆ ಎಂದರು. ಇಪ್ಪತ್ನಾಲ್ಕು ವರ್ಷ ಜನರನ್ನು ಓಡಿಸಿದವರಿಗೆ ಜನರನ್ನು ಒಳಗೆ ಬಿಡುವ ಕೆಲಸ. ಭಾವ ಊಟ ಬಿಟ್ಟರು.

ಒಂದು ಅವಕಾಶ ಕೊಡಿ ಎಂದು ಹೋಗಿ ಕೇಳಿದವರು ಬಣ್ಣದಕ್ಕ. ಕಳೆದ ಮಂಗಳವಾರ ಆ ಅವಕಾಶ ಸಿಕ್ಕಿತು, ಹಾಳೂ ಆಯಿತು. ಅಲ್ಲಾಡದ ಎಡಗಡೆಗೇ ಅವರು ಕೊಳೆತ ಹೆಣದ ಬಣ್ಣ ಬಳಿದಿದ್ದರು. ಯಾರಿಗಾದರೂ ಹೊಳೆಯುವುದು ಅದೇ ಅಲ್ಲವೇ? ಸತ್ತ ಬದಿಗೆ ಸಾವಿನ ಬಣ್ಣ. ಷೋ ನಡೆಯುವಾಗ ಭಾವ ಪೆಟ್ಟಿಗೆಯಿಂದ ಎದ್ದು ಕೂತರು. ಯಾರೂ ಕಿರುಚಲಿಲ್ಲ. "ಇದು ಗೊಂಬೆ ಕಣೋ," ಎಂದಿತು ಒಂದು ಮಗು, ತಮ್ಮನಿಗೆ ಧೈರ್ಯ ಹೇಳುತ್ತಾ. ಮಿಟುಕದ ಕಣ್ಣಿಗೆ ಅಂಟು ತಾಗಿ ನೀರು ಸುರಿದು ಅರ್ಧ ಬಣ್ಣ ಕೊರಳಿಗೆ ಇಳಿದಿತ್ತು.

"ಆರು ವರ್ಷ ಗೊಂಬೆ ಮಾಡಿದ್ ಕೈ ನೋಡಿ, ಭಾವನ್ನೂ ಗೊಂಬೆ ಮಾಡ್ಬಿಡ್ತು," ಎನ್ನುತ್ತಾರೆ ಬಣ್ಣದಕ್ಕ. ಆವತ್ತು ರೆಪ್ಪೆಯ ಅಂಚನ್ನು ಹತ್ತಿಯಲ್ಲಿ ಒರೆಸುತ್ತಾ ಕೂತಾಗ ಭಾವ ನೋವಿಗೆ ಮುಖ ಸಿಂಡರಿಸಿದರು. ಬಲಗಡೆ ಮಾತ್ರ ಸಿಂಡರಿಸಿತು. ಬಣ್ಣದಕ್ಕನ ಕೈ ಅಲ್ಲೇ ನಿಂತಿತು. ನೇರ ಹೋಗಿ ಇನ್ನೊಂದೇ ಒಂದು ಸಲ ಎಂದು ಮ್ಯಾನೇಜರರ ತಲೆ ತಿಂದು ಒಪ್ಪಿಸಿಕೊಂಡು ಬಂದರು.

ಆ ಇನ್ನೊಂದು ಸಲ ಇವತ್ತು. ಹನ್ನೊಂದು ಮುಖ ಮುಗಿದಿವೆ. ಹತ್ತು ಗಂಟೆಗೆ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಿಗೆ ಬೆನ್ನು ಹಾಕಿ ಕೂರುತ್ತಾರೆ. ಮೂರು ತಿಂಗಳಿಂದ ಅವರು ಕನ್ನಡಿ ನೋಡಿಲ್ಲ.

"ಭಾವ, ನಗಿ."

"ನಿನಗೇನು ಬುದ್ಧಿಗಿದ್ಧಿ ಇದೆಯಾ, ತಾಯಿ?"

"ಇದ್ದಿದ್ರೆ ಈ ಮನೆಗೆ ಸೊಸೆಯಾಗಿ ಬರ್ತಿದ್ನಾ? ನಗಿ."

ಸಾಲಾಗಿ ಕೂತ ಹೆಣಗಳೆಲ್ಲ ಕಿಸಕ್ಕೆನ್ನುತ್ತವೆ. ಭಾವ ನಿಧಾನಕ್ಕೆ ಕುರ್ಚಿಯನ್ನು ಕನ್ನಡಿಯತ್ತ ತಿರುಗಿಸಿಕೊಳ್ಳುತ್ತಾರೆ. "ಅರ್ಧ ನಗು ಸಾಕಾ?"

"ಇವತ್ತು ಅರ್ಧಕ್ಕೇ ಕೆಲಸ."

ಬಲತುಟಿ ಏಳುತ್ತದೆ. ಬಣ್ಣದಕ್ಕ ಆ ಗೆರೆಯನ್ನು ಹಿಡಿದು ಹೊರಡುತ್ತಾರೆ. ಬಲಗೆನ್ನೆ ಪದರಪದರವಾಗಿ ಕೊಳೆಯುತ್ತದೆ, ತುಟಿಯ ಕೊನೆ ಕಿವಿಯವರೆಗೆ ಸೀಳಿಕೊಳ್ಳುತ್ತದೆ, ಸೀಳಿನಲ್ಲಿ ಹಲ್ಲುಗಳು ಹೊಳೆಯುತ್ತವೆ. ಎಡಗಡೆಗೆ ಅವರು ಬಣ್ಣವನ್ನೇ ತಾಗಿಸುವುದಿಲ್ಲ; ಬರೀ ಕಣ್ಣಿಗೆ ಡಾಕ್ಟರ ಹನಿ ಬಿಟ್ಟು, ಬೆಳಿಗ್ಗೆ ಉಳಿದಿದ್ದ ನಾಲ್ಕು ಗಡ್ಡದ ಕೂದಲು ಬೋಳಿಸಿ, ತಲೆ ಬಾಚುತ್ತಾರೆ. ಮುಗಿದಾಗ ಬದುಕಿರುವ ಎಡ ಅರ್ಧ ಕಲ್ಲಿನಂತೆ ತಣ್ಣಗಿದೆ. ಸತ್ತಿರುವ ಬಲ ಅರ್ಧ ನಗುತ್ತಿದೆ. ದಿನಾ ಹೆಣವಾಗುವ ಹನ್ನೊಂದು ಮಂದಿ ಸದ್ದಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಬಾವಿಯ ಹುಡುಗಿ ಪಕ್ಕದವನ ತೋಳು ಹಿಡಿದುಕೊಂಡಿದ್ದಾಳೆ.

ಭಾವ ಕನ್ನಡಿಯನ್ನೇ ನೋಡುತ್ತಾ ಕೂತಿರುತ್ತಾರೆ. "ಥೂ," ಎನ್ನುತ್ತಾರೆ ಕೊನೆಗೆ, ತುಂಬಾ ಮೆಚ್ಚಿಕೊಂಡವರ ದನಿಯಲ್ಲಿ.

"ಎದ್ದು ಕೂರ್ಬೇಡಿ. ಈ ಎಡಗೆನ್ನೆ ಜನರ ಕಡೆ ಹಾಕಿ ಮಲ್ಗಿ. ಅವರು ಹತ್ರ ಬರ್ಲಿ. ಆಮೇಲೆ ನಿಧಾನಕ್ಕೆ ತಿರುಗಿ."

ಹನ್ನೊಂದಕ್ಕೆ ಷೋ ಶುರು. ಬಣ್ಣದಕ್ಕ ಇಷ್ಟು ವರ್ಷದಲ್ಲಿ ಒಂದು ದಿನವೂ ಒಳಗೆ ಹೋಗಿ ನೋಡಿದವರಲ್ಲ. "ಕತ್ತಲೆ ಅಂದ್ರೆ ನಂಗಾಗಲ್ಲಪ್ಪ. ಎದೆ ಡವಡವ ಅನ್ನತ್ತೆ." ತೆಳುವಾದ ಗೋಡೆಗೆ ಕಿವಿಯಿಟ್ಟು ಬ್ರಷ್ಷು ತೊಳೆಯುವುದು ಅವರ ಪದ್ಧತಿ. ಯಾವ ಕಿರುಚಾಟ ಯಾರ ದುಡಿಮೆ ಎಂದು ಲೆಕ್ಕ ತಪ್ಪದೆ ಹೇಳುತ್ತಾರೆ. ಮೊದಲ ಕೋಣೆಯಲ್ಲಿ ಕಿರುಚಾಟ. ಎರಡನೆಯದರಲ್ಲಿ ಕಿರುಚಾಟ, ಹಿಂದೆಯೇ ನಗು: "ಬಾವಿ ಹುಡುಗಿ. ಎಡವಿದಾಳೆ." ಮೂರನೆಯದರಲ್ಲಿ ಸದ್ದಿಲ್ಲ.

ಸದ್ದೇ ಇಲ್ಲ. ನಲ್ಲಿ ನಿಂತಿದೆ. ಬ್ರಷ್ಷಿನಿಂದ ಕೆಂಪು ನೀರು ತೊಟ್ಟಿಕ್ಕುತ್ತಿದೆ.

ಆಮೇಲೆ ಇಡೀ ಗೋಡೆ ನಡುಗುವಂತೆ ಚೀತ್ಕಾರ, ದಡದಡ ಕಾಲು, ಯಾರದೋ ಚಪ್ಪಲಿ ಗೋಡೆಗೆ ಬಡಿದ ಸದ್ದು.

"ತಡವಾಗೇ ಬರ್ಬೇಕು ಅದು," ಎನ್ನುತ್ತಾರೆ ಬಣ್ಣದಕ್ಕ, ನಲ್ಲಿ ತಿರುಗಿಸುತ್ತಾ. "ಮೊದ್ಲು ಪಾಪ ಯಾರೋ ಯಜಮಾನ್ರು ಮಲಗಿದಾರೆ ಅಂತ ನಂಬಿರ್ತಾರಲ್ಲ."

ಸ್ವಲ್ಪ ಹೊತ್ತಿಗೆ ಮ್ಯಾನೇಜರು ಬಾಗಿಲಲ್ಲಿ ತಲೆ ಹಾಕುತ್ತಾರೆ, ಹಣೆಯೆಲ್ಲ ಬೆವರು. ಅವರೂ ಒಳಗಿದ್ದರಂತೆ. "ಗೇಟಿಗೆ ಬೇರೆ ಯಾರನ್ನಾದ್ರೂ ನೋಡ್ಬೇಕು," ಎಂದಷ್ಟೇ ಹೇಳಿ ಹೋಗುತ್ತಾರೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಬಣ್ಣದಕ್ಕ ಬ್ರಷ್ಷುಗಳನ್ನು ಒಂದೊಂದಾಗಿ ಟವೆಲಿನ ಮೇಲೆ ಮಲಗಿಸುತ್ತಾರೆ. "ಭಾವ ಪೂರ್ತಿ ಮುಖ ನಗೋ ದಿನ ಬರ್ಲಿ. ಆವತ್ತು ಈ ವೇಷ ಕೆಟ್ಟುಹೋಗತ್ತೆ." ಕೊನೆಯ ಬ್ರಷ್ಷನ್ನೂ ಮಲಗಿಸುತ್ತಾರೆ. "ಕೆಡ್ಲಿ ಬಿಡಿ. ಇನ್ನೊಂದು ಮಾಡ್ತೀನಿ."